ತಾಲ್ಲೂಕು ಕಚೇರಿ ಮುಂದೆ ಧರಣಿ ಕೂರಬಹುದೇ?

ಪ್ರಶ್ನೆ: ನೀರಿಗಾಗಿ ಶಿರಾ ತಾಲ್ಲೂಕು ಕಚೇರಿ ಎದುರು ಧರಣಿ ಕೂರಬೇಕೆಂದಿದ್ದೇವೆ. ‘ಬೆಂಗಳೂರಲ್ಲೇ ಫ್ರೀಡಂ ಪಾರ್ಕ್ ಬಿಟ್ಟು ಬೇರೆಲ್ಲೂ ಬಿಡಲ್ಲ, ಇಲ್ಲಿ ಬಿಡ್ತಾರಾ?’ ಅಂತಾರೆ ಊರವರು. ನಿಜವೇ?
— ರೈತರೊಬ್ಬರು, ತಾವರೆಕೆರೆ

ಉತ್ತರ: ಅರ್ಧ ನಿಜ. ಧರಣಿಗಳನ್ನು ಫ್ರೀಡಂ ಪಾರ್ಕ್‌ಗೆ ಸೀಮಿತಗೊಳಿಸಿದ 2021ರ ಆದೇಶ ಬೆಂಗಳೂರು ನಗರಕ್ಕಷ್ಟೇ, ಶಿರಾಕ್ಕೆ ಅನ್ವಯಿಸದು. ಶಾಂತಿಯುತವಾಗಿ ಸೇರುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಸಮಂಜಸ ನಿರ್ಬಂಧಕ್ಕೂ ಅಲ್ಲೇ ಅವಕಾಶವಿದೆ.

ಕಚೇರಿ ಸುತ್ತ ನಿಷೇಧಾಜ್ಞೆ ಇದೆಯೇ ಎಂದು ಮೊದಲು ಠಾಣೆಯಲ್ಲಿ ವಿಚಾರಿಸಿ, ಇದ್ದರೆ ಪ್ರತಿ ಕೇಳಿ. ನಿಷೇಧಾಜ್ಞೆ ಹೊರಡಿಸುವ ದಂಡ ಪ್ರಕ್ರಿಯಾ ಸಂಹಿತೆಯ ಹಳೆಯ 144ನೇ ಸೆಕ್ಷನ್ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 163 ಆಗಿದೆ. ರಾಜ್ಯ ಸರ್ಕಾರ ವಿಸ್ತರಿಸದಿದ್ದರೆ ಆಜ್ಞೆ 2 ತಿಂಗಳು ಮೀರುವಂತಿಲ್ಲ. ಬದಲಿಸಿ ಎಂದು ಆಜ್ಞೆ ಹೊರಡಿಸಿದವರಿಗೇ ಅರ್ಜಿ ಕೊಡಬಹುದು. ಅವರು ನಿಮ್ಮ ಅಹವಾಲು ಕೇಳಬೇಕು, ತಿರಸ್ಕರಿಸಿದರೆ ಕಾರಣ ಬರೆದಿಡಬೇಕು. ಕೋರ್ಟಿನಲ್ಲೂ ಪ್ರಶ್ನಿಸಬಹುದು: 2019ರ ಡಿಸೆಂಬರ್‌ನ ಬೆಂಗಳೂರು ನಿಷೇಧಾಜ್ಞೆಯನ್ನು ಹೈಕೋರ್ಟ್ 2020ರಲ್ಲಿ ಕಾನೂನುಬಾಹಿರ ಎಂದಿತು.

ಆಜ್ಞೆ ಇಲ್ಲದಿದ್ದರೂ ದಿನಾಂಕ, ವೇಳೆ, ಎಷ್ಟು ಜನ, ಮೈಕ್ ಬೇಕೇ ಎಂಬ ವಿವರ ಬರೆದು ಠಾಣೆಗೂ ತಹಶೀಲ್ದಾರರಿಗೂ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಗೇಟು, ರಸ್ತೆ ಅಡ್ಡಗಟ್ಟಬೇಡಿ. ಸಾರ್ವಜನಿಕ ದಾರಿಯನ್ನು ಅನಿರ್ದಿಷ್ಟ ಕಾಲ ಆಕ್ರಮಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ದೆಹಲಿಯ ಶಾಹೀನ್ ಬಾಗ್ ಧರಣಿ ಕುರಿತ 2020ರ ತೀರ್ಪಿನಲ್ಲಿ ಹೇಳಿದೆ. ಅನುಮತಿ ಸಿಗದಿದ್ದರೆ ಲಿಖಿತ ಉತ್ತರ ಕೇಳಿ. ಮುಂದೆ ಹೈಕೋರ್ಟಿಗೆ ಹೋಗಲು ಅದೇ ಆಧಾರ.