ಹಳೆಯ ಕಾರಿನ ಪೆಟ್ರೋಲ್ ಗೇಜ್: ದೋಷ ಕಂಡುಹಿಡಿಯುವ ಕ್ರಮ

ಕಾರ್ಕಳದ ಕಡೆಯ ತೋಟದ ಮನೆಗಳಲ್ಲಿ ಹಳೆಯ ಅಂಬಾಸಿಡರ್ ಕಾರು, ಜೀಪುಗಳು ಅಲ್ಲಲ್ಲಿ ಇನ್ನೂ ಉಳಿದಿವೆ. ಇವುಗಳಲ್ಲಿ ಆಗಾಗ ಹಟ ಹಿಡಿಯುವ ಭಾಗವೆಂದರೆ ಪೆಟ್ರೋಲ್ ಗೇಜ್. ಮುಳ್ಳು ಅರ್ಧ ಟ್ಯಾಂಕಿ ತೋರಿಸುತ್ತಿರುವಾಗಲೇ, ಅಡಿಕೆ ಗೋಣಿ ಹೇರಿಕೊಂಡು ಬೈಲೂರು, ಹಿರಿಯಡ್ಕ ದಾಟಿ ಬಂದ ಗಾಡಿ ಮಣಿಪಾಲದ ಏರಿನಲ್ಲಿ ನಿಂತರೆ ಆ ದಿನದ ಕೆಲಸ ಕೆಟ್ಟಂತೆಯೇ. ಡೀಸೆಲ್ ಗಾಡಿಯಾದರೆ ಇನ್ನೂ ಕಷ್ಟ. ಡೀಸೆಲ್ ತಂದು ಸುರಿದರೆ ಸಾಲದು, ಪೈಪಿನೊಳಗೆ ಸೇರಿದ ಗಾಳಿಯನ್ನೂ ಹೊರಗೆ ಬಿಡಬೇಕಾಗುತ್ತದೆ.

ಗೇಜಿನ ವ್ಯವಸ್ಥೆ ಸರಳವಾದುದು. ಟ್ಯಾಂಕಿಯೊಳಗೆ ಒಂದು ಫ್ಲೋಟ್ ತೇಲುತ್ತಿರುತ್ತದೆ. ಅದರ ತೋಳು ಏರಿಳಿದಂತೆ ಸೆಂಡರ್ ಎಂಬ ಭಾಗದಲ್ಲಿರುವ ತಂತಿ ಸುರುಳಿಯ ರೋಧ ಬದಲಾಗುತ್ತದೆ. ಅದಕ್ಕೆ ತಕ್ಕಂತೆ ಡ್ಯಾಶ್‌ಬೋರ್ಡಿನ ಮುಳ್ಳು ಚಲಿಸುತ್ತದೆ. ಸೆಂಡರಿನಿಂದ ಗೇಜಿಗೆ ಇರುವುದು ಒಂದೇ ವಯರ್. ವಿದ್ಯುತ್ತಿಗೆ ಇನ್ನೊಂದು ದಾರಿ ಗಾಡಿಯ ಬಾಡಿಯೇ. ಇದನ್ನು ಅರ್ತ್ ಎನ್ನುತ್ತಾರೆ. ಕಾಪುವಿನಂಥ ಕಡಲ ತೀರದ ಉಪ್ಪುಗಾಳಿ ಮತ್ತು ವರ್ಷಕ್ಕೆ 4000 ಮಿ.ಮೀ. ಆಸುಪಾಸಿನ ಮಳೆ ಮೊದಲು ತಿನ್ನುವುದು ಈ ಅರ್ತಿನ ಜಾಗವನ್ನೇ. ಆದುದರಿಂದ ಗೇಜ್ ಕೆಟ್ಟಿತೆಂದು ಪೇಟೆಗೆ ಓಡುವ ಮೊದಲು ಟ್ಯಾಂಕಿಯ ಬಳಿ ನೋಡಬೇಕು. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ. ಅಂಗಡಿಯಲ್ಲಿ ಸಿಕ್ಕಿದ ಬೇರೆ ಗೇಜ್ ಹಳೆಯ ಸೆಂಡರಿಗೆ ಹೊಂದದಿದ್ದರೆ ಮುಳ್ಳು ಮತ್ತೆ ಸುಳ್ಳನ್ನೇ ಹೇಳುತ್ತದೆ.

ಮೊದಲು ಸೆಂಡರಿನ ಲೋಹದ ಹೊರಮೈಯಿಂದ ಚಾಸಿಸ್‌ನ ತುಕ್ಕಿಲ್ಲದ ಜಾಗಕ್ಕೆ ಒಂದು ತುಂಡು ವಯರ್ ಕಟ್ಟಿ ಸ್ವಿಚ್ ಹಾಕಿರಿ. ಮುಳ್ಳು ಸರಿಯಾದರೆ ದೋಷ ಅರ್ತಿನದು. ಜೋಡಣೆಯನ್ನು ಉಜ್ಜಿ, ಬಿಗಿದು, ಗ್ರೀಸ್ ಸವರಿದರೆ ಕೆಲಸ ಮುಗಿಯಿತು.

ಸರಿಯಾಗದಿದ್ದರೆ ಸ್ವಿಚ್ ಆರಿಸಿ, ಸೆಂಡರಿನ ವಯರನ್ನು ಕಳಚಿ ಬಾಡಿಗೆ ತಾಗಿಸಿ ಕಟ್ಟಿ, ಮತ್ತೆ ಸ್ವಿಚ್ ಹಾಕಿ ಮುಳ್ಳನ್ನು ನೋಡಬೇಕು. ಅನೇಕರು ಎಡವುವುದು ಇಲ್ಲಿಯೇ, ಏಕೆಂದರೆ ಗೇಜುಗಳಲ್ಲಿ ಎರಡು ಬಗೆಯಿದೆ. ಬಹಳ ಹಳೆಯ ಎರಡು ಸುರುಳಿಯ ಗೇಜಿನಲ್ಲಿ ವಯರ್ ಬಾಡಿಗೆ ತಾಗಿದಾಗ ಮುಳ್ಳು ಖಾಲಿಗೆ ಬರುತ್ತದೆ, ಬಿಡಿಸಿದಾಗ ಭರ್ತಿಗೆ ಹೋಗುತ್ತದೆ. ಅನಂತರದ, ನಿಧಾನವಾಗಿ ಏಳುವ ಮುಳ್ಳಿನ ಗೇಜಿನಲ್ಲಿ ಇದು ತಿರುವುಮುರುವು. ಯಾವ ಬಗೆಯೇ ಆಗಲಿ, ಮುಳ್ಳು ಎರಡು ತುದಿಗೂ ಹೋಗಿಬಂದರೆ ಗೇಜ್ ಮತ್ತು ವಯರ್ ಹೆಚ್ಚಾಗಿ ಸರಿಯಿವೆ; ಸೆಂಡರನ್ನು ಸಂಶಯಿಸಬೇಕು. ಮುಳ್ಳು ಕದಲದಿದ್ದರೆ ಫ್ಯೂಸ್, ವಯರ್, ಕೊನೆಗೆ ಗೇಜ್. ಈ ಪರೀಕ್ಷೆ ಕೆಲವು ಕ್ಷಣ ಸಾಕು. ಬ್ಯಾಟರಿಯ ವಯರನ್ನು ನೇರವಾಗಿ ಸೆಂಡರಿಗೆ ಕೊಡಲೇಕೂಡದು, ಸುರುಳಿ ಸುಟ್ಟುಹೋದೀತು.

ಎರಡನೆಯ ಬಗೆಯ ಗೇಜಿನ ಜೊತೆ ಸುಮಾರು 10 ವೋಲ್ಟ್ ಕೊಡುವ ಸ್ಟೆಬಿಲೈಸರ್ ಇರುವುದುಂಟು. ಪೆಟ್ರೋಲಿನ ಮುಳ್ಳೂ ಎಂಜಿನ್ ಶಾಖದ ಮುಳ್ಳೂ ಒಟ್ಟಿಗೇ ಹೆಚ್ಚು ತೋರಿಸಿದರೆ ಅದನ್ನೂ ಅದರ ಅರ್ತನ್ನೂ ನೋಡತಕ್ಕದ್ದು.

ಸೆಂಡರ್ ಬಿಚ್ಚುವುದಕ್ಕೆ ಮುಂಚೆ ಬ್ಯಾಟರಿ ಕಳಚಿರಬೇಕು, ಟ್ಯಾಂಕಿ ಸಾಕಷ್ಟು ಖಾಲಿಯಾಗಿರಬೇಕು, ಗಾಡಿ ಬಯಲಲ್ಲಿರಬೇಕು. ಬೀಡಿ, ಬಚ್ಚಲ ಒಲೆ ಹತ್ತಿರ ಸುಳಿಯಬಾರದು. ಫ್ಲೋಟನ್ನು ಕಿವಿಯ ಬಳಿ ಅಲುಗಿಸಿದಾಗ ಕುಲುಕುಲು ಎಂದರೆ ಅದು ತೂತಾಗಿ ಪೆಟ್ರೋಲ್ ಕುಡಿದಿದೆ. ಮುಳ್ಳು ಸದಾ ಖಾಲಿಯಲ್ಲಿರುವುದು ಅದರಿಂದಲೇ. ಮನೆಯಲ್ಲಿ ಬೆಸುಗೆ ಹಾಕುವ ಸಾಹಸ ಬೇಡ, ಬದಲಿಸಿರಿ. ಮೀಟರ್ ಹಿಡಿದು ತೋಳನ್ನು ಮೆಲ್ಲನೆ ಎತ್ತಿದಾಗ ರೋಧ ಒಂದೇ ಸಮನೆ ಬದಲಾಗಬೇಕು. ನಡುವೆ ಜಿಗಿದರೆ ಸುರುಳಿ ಅಲ್ಲಿ ಸವೆದಿದೆ. ಮರಳಿ ಕೂರಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿ.

ಆಮೇಲೆ ಗಾಡಿಯನ್ನು ಸಮತಟ್ಟಾದ ಅಂಗಳದಲ್ಲಿ ನಿಲ್ಲಿಸಿ, 5 ಲೀಟರಿನಂತೆ ಅಳೆದು ಸುರಿಯುತ್ತಾ ಪ್ರತಿ ಸಲ ಮುಳ್ಳು ಎಲ್ಲಿ ನಿಂತಿತೆಂದು ಕಾಗದದಲ್ಲಿ ಬರೆದು, ಅದನ್ನು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಇಡಿರಿ. ಏರಿನಲ್ಲಿ ಪೆಟ್ರೋಲ್ ಟ್ಯಾಂಕಿಯ ಒಂದು ಬದಿಗೆ ಸರಿಯುವುದರಿಂದ ಅಲ್ಲಿ ಮುಳ್ಳು ತೋರಿಸುವುದನ್ನು ಲೆಕ್ಕಕ್ಕೆ ಹಿಡಿಯಬಾರದು.