ಮರಗಸಿಗೆ ಯಂತ್ರಗರಗಸವೂ ಮರವೇರುವ ಸಲಕರಣೆಗಳೂ

ಮಲೆನಾಡಿನ ಕಾಫಿ ತೋಟಗಳಲ್ಲಿ ನೆರಳಿನ ಮರಗಳ ಕೊಂಬೆಗಳನ್ನು ಸವರುವ ಕೆಲಸಕ್ಕೆ ಕೆಲವು ಸೀಮೆಗಳಲ್ಲಿ ಮರಗಸಿಯೆಂದೂ ಮತ್ತೆ ಕೆಲವು ಸೀಮೆಗಳಲ್ಲಿ ಮರಕಪಾತೆಂದೂ ಹೆಸರುಂಟು. ಹೂಮಳೆಯಾದ ಮೇಲೆ, ಮುಂಗಾರು ಹಿಡಿಯುವುದಕ್ಕೆ ಮೊದಲು, ಈ ಕೆಲಸವು ಮುಗಿಯತಕ್ಕದ್ದು. ಮೋಡ ಮುಚ್ಚಿದ ಮಳೆಗಾಲದ ದಿನಗಳಲ್ಲಿ ಗಿಡಕ್ಕೆ ಬೆಳಕು ಸಾಕಷ್ಟು ದೊರೆಯಬೇಕು. ಮುಂದಿನ ಬೇಸಗೆಯ ವೇಳೆಗೆ ಮರವು ಪುನಃ ಚಿಗುರಿ ನೆರಳನ್ನು ಕೊಡಬೇಕು. ಅರಾಬಿಕಾ ತೋಟಕ್ಕಿಂತ ರೊಬಸ್ಟಾ ತೋಟಕ್ಕೆ ನೆರಳು ತೆಳುವಾಗಿರಬೇಕಾದುದರಿಂದ ಅಲ್ಲಿ ಸವರುವ ಕೆಲಸವೂ ಹೆಚ್ಚು. ಇಷ್ಟಾದರೂ ಇದು ವರ್ಷದಲ್ಲಿ ಕೆಲವೇ ವಾರಗಳ ಕೆಲಸವಾದ್ದರಿಂದ ಇದನ್ನೇ ಕಸುಬಾಗಿ ಹಿಡಿದವರು ಕಡಮೆ. ಉಳಿದ ಕಾಲದಲ್ಲಿ ಕಳೆ ತೆಗೆಯುವ, ಮೆಣಸು ಕೊಯ್ಯುವ ಆಳೇ ಆ ಕೆಲವು ವಾರ ಮರವನ್ನು ಏರುತ್ತಾನೆ. ಸಣ್ಣ ಹಿಡುವಳಿಗಳಲ್ಲಿ ಯಜಮಾನನೇ ಏರುವುದೂ ಉಂಟು. ಹೀಗೆ ಅಲ್ಪಕಾಲ ಮಾತ್ರ ಮರಗೆಲಸ ಮಾಡುವವರಿಗೆ ಯಾವ ಗರಗಸ, ಯಾವ ಹಗ್ಗ, ಯಾವ ಪಟ್ಟಿ ತಕ್ಕದ್ದೆಂಬುದನ್ನು ಇಲ್ಲಿ ವಿವರಿಸಲಾಗುವುದು. ಈ ಕೆಲಸದಲ್ಲಿ ಕಾಲು ಜಾರಿದವನು ಹಿಂದಿರುಗಿ ತನ್ನ ಕುಟುಂಬಕ್ಕೆ ಆಸರೆಯಾಗುವುದು ಅಪರೂಪವಾದ್ದರಿಂದ, ಮುಖಂಡರೂ ಜಮೀನುದಾರರೂ ಇದನ್ನು ಬರಿಯ ಖರ್ಚಿನ ವಿಷಯವೆಂದು ಎಣಿಸಬಾರದು.

ಯಂತ್ರವನ್ನು ಮೊದಲು ಕೊಂಡು ಕೆಲಸವನ್ನು ಆಮೇಲೆ ಯೋಚಿಸುವುದು ನಮ್ಮಲ್ಲಿ ಕಂಡುಬರುವ ದೊಡ್ಡ ದೋಷ. ತೋಟದ ಮರಗೆಲಸವು ಮೂರು ಬಗೆಯದು: ಮರದ ಮೇಲೆ ಕೊಂಬೆ ಸವರುವುದು, ಕೆಳಗೆ ಬಿದ್ದ ಕೊಂಬೆಗಳನ್ನು ಸೌದೆಗೆ ತುಂಡು ಮಾಡುವುದು, ಒಣಗಿದ ಅಥವಾ ಗಾಳಿಗೆ ಉರುಳಿದ ಮರವನ್ನು ಕೊಯ್ಯುವುದು. ಇವುಗಳಲ್ಲಿ ಎರಡನೆಯದಕ್ಕೂ ಮೂರನೆಯದಕ್ಕೂ ಯಂತ್ರಗರಗಸವು ನಿಜವಾಗಿ ಬೇಕು. ಮೊದಲನೆಯದಕ್ಕೆ ಬೇಡವೆಂದೇ ನನ್ನ ಅಭಿಪ್ರಾಯ. ನೆರಳಿಗಾಗಿ ಸವರತಕ್ಕ ಕೊಂಬೆಗಳು ಸಾಧಾರಣವಾಗಿ ಕೈಮಣಿಕಟ್ಟಿನಿಂದ ತೊಡೆಯವರೆಗಿನ ದಪ್ಪವುಳ್ಳವು. ಎಳೆಯುವಾಗ ಕೊಯ್ಯುವ ಹಲ್ಲುಗಳಿರುವ, 12ರಿಂದ 14 ಅಂಗುಲದ ಬಾಗಿದ ಕೈಗರಗಸವು ಇಂಥಾ ಕೊಂಬೆಯನ್ನು ಸ್ವಲ್ಪ ಹೊತ್ತಿನಲ್ಲಿಯೇ ಕೊಯ್ಯುತ್ತದೆ. ಒರೆಯಲ್ಲಿಟ್ಟು ಸೊಂಟಕ್ಕೆ ಕಟ್ಟಿಕೊಂಡರೆ ಅದರ ಭಾರವೇ ತಿಳಿಯದು. ಒಂದೇ ಕೈಯಲ್ಲಿ ಹಿಡಿಯುವಂತೆ ತೋರುವ ಹಗುರವಾದ, ಮೇಲೆ ಹಿಡಿಯುಳ್ಳ ಯಂತ್ರಗರಗಸಗಳನ್ನು ಮರದ ಮೇಲಿನ ಕೆಲಸಕ್ಕೆಂದೇ ತಯಾರಿಸುತ್ತಾರೆ, ನಿಜ. ಆದರೆ ಅವು ಪೂರ್ಣವಾಗಿ ತರಬೇತಿ ಹೊಂದಿ ದಿನವೂ ಅದೇ ಕೆಲಸ ಮಾಡುವವರಿಗಾಗಿ ಮಾಡಿದವು. ಅವುಗಳನ್ನೂ ಎರಡು ಕೈಗಳಿಂದಲೇ ಹಿಡಿಯತಕ್ಕದ್ದು. ವರ್ಷಕ್ಕೆ ಮೂರು ವಾರ ಮರವೇರುವವನ ಕೈಗೆ ಅವನ್ನು ಕೊಡಬಾರದು.

ನೆಲದ ಕೆಲಸದ ಯಂತ್ರಗರಗಸವನ್ನು ಆರಿಸುವಾಗ ಶಕ್ತಿಯೊಂದನ್ನೇ ನೋಡತಕ್ಕದ್ದಲ್ಲ. ಜರ್ಮನಿಯಲ್ಲಿ ಆಂಡ್ರಿಯಾಸ್ ಸ್ಟಿಲ್ ಎಂಬಾತನು 1926ರಲ್ಲಿ ಮಾಡಿದ ವಿದ್ಯುತ್ ಸರಪಳಿ ಗರಗಸವನ್ನು ಹಿಡಿಯಲು ಇಬ್ಬರು ಬೇಕಾಗುತ್ತಿದ್ದರು. ಇಂದು 40ರಿಂದ 45 ಸಿ.ಸಿ. ಇಂಜಿನ್ನಿನ ಯಂತ್ರವು ಐದು ಕಿಲೋಗ್ರಾಂಗೆ ಹೆಚ್ಚುಕಡಮೆ ಸಮನಾದ ತೂಕದಲ್ಲಿ ದೊರೆಯುತ್ತದೆ. ಈ ಅಳತೆಯ ಇಂಜಿನ್ನೂ 16 ಅಂಗುಲದ ಪಟ್ಟಿಯೂ ಹತ್ತಾರು ಎಕರೆ ತೋಟದ ಎಲ್ಲಾ ಕೆಲಸಕ್ಕೂ ಸಾಕು. ಪೇಟೆಗಳಲ್ಲಿ 58 ಸಿ.ಸಿ., 22 ಅಂಗುಲದ ಪಟ್ಟಿಯ ಯಂತ್ರಗಳು ಸುಲಭ ಬೆಲೆಗೆ ಮಾರಾಟವಾಗುತ್ತಿರುವುದನ್ನು ನೋಡಿ ಅನೇಕರು ಮರುಳಾಗುತ್ತಾರೆ. ಪಟ್ಟಿ ಉದ್ದವಾದಷ್ಟೂ ಅದರ ಮೂತಿ ಕಣ್ಣಿಗೆ ಕಾಣದ ಕಡೆ ತಗಲುತ್ತದೆ, ತೋಳು ಬೇಗ ದಣಿಯುತ್ತದೆ, ಸರಪಳಿಯ ಹಲ್ಲುಗಳೂ ಹೆಚ್ಚಾಗಿ ಹರಿತ ಮಾಡುವ ಶ್ರಮವೂ ಹೆಚ್ಚುತ್ತದೆ. ಕೆಲಸ ತೀರ ಸ್ವಲ್ಪವಿದ್ದು ಮನೆಯ ಸಮೀಪದಲ್ಲಿಯೇ ನಡೆಯುವುದಾದರೆ ಬ್ಯಾಟರಿ ಗರಗಸವೂ ಅನುಕೂಲವೇ. ಆದರೆ ಅದು ಸದ್ದಿಲ್ಲದೆ ನಿಂತಿರುವಾಗಲೂ ಗುಂಡಿ ಒತ್ತಿದೊಡನೆ ಓಡುತ್ತದೆಂಬುದನ್ನು ಮರೆಯಬಾರದು.

ಕೊಳ್ಳುವಾಗ ಅಂಗಡಿಯಲ್ಲಿಯೇ ಪರೀಕ್ಷಿಸಬೇಕಾದ ಭಾಗಗಳು ಕೆಲವುಂಟು. ಮುಂದಿನ ಹಿಡಿಯ ಎದುರಿಗಿರುವ ಕೈಗಾಪು ಮುಂದಕ್ಕೆ ತಳ್ಳಿದೊಡನೆ ಸರಪಳಿಯನ್ನು ನಿಲ್ಲಿಸಬೇಕು. ಇದಕ್ಕೆ ಸರಪಳಿಯ ಬ್ರೇಕೆಂದು ಹೆಸರು. ಪಟ್ಟಿಯ ಮೂತಿಯ ಮೇಲ್ಭಾಗವು ಗಟ್ಟಿಯಾದ ಯಾವುದಕ್ಕಾದರೂ ತಗಲಿದರೆ ಗರಗಸವು ಕಣ್ಣು ಮುಚ್ಚಿ ತೆರೆಯುವುದರೊಳಗೆ ಹಿಂದಕ್ಕೆ, ಹಿಡಿದವನ ಮುಖದ ಕಡೆಗೆ ಎಗರುತ್ತದೆ. ಈ ಅಪಾಯವನ್ನು ತಡೆಯುವುದು ಮನುಷ್ಯನ ಕೈಚಳಕವಲ್ಲ, ಆ ಬ್ರೇಕು ಮತ್ತು ಎಡಗೈ ಹೆಬ್ಬೆರಳು ಹಿಡಿಯನ್ನು ಸುತ್ತಿ ಹಿಡಿದಿರುವುದು, ಇವೆರಡೇ. ಬ್ರೇಕಿಲ್ಲದ ಅಥವಾ ಬ್ರೇಕು ಸಡಿಲವಾದ ಯಂತ್ರವನ್ನು ಬಿಟ್ಟಿ ಕೊಟ್ಟರೂ ಕೊಳ್ಳಬಾರದು. ತುಂಡಾದ ಸರಪಳಿಯನ್ನು ತಡೆಯುವ ಕೊಕ್ಕೆ, ಹಿಂದಿನ ಹಿಡಿಯನ್ನು ಪೂರ್ತಿ ಹಿಡಿದ ಹೊರತು ವೇಗ ಏರದಂತೆ ತಡೆಯುವ ಸನ್ನೆ, ಕೈಗೆ ನಡುಕ ಹತ್ತದಂತೆ ಮಾಡುವ ರಬ್ಬರಿನ ಅಥವಾ ಸ್ಪ್ರಿಂಗಿನ ಆಸರೆ, ಇವೂ ಇರಬೇಕು. ಬಿಡಿಭಾಗಗಳು ತಾಲ್ಲೂಕು ಪೇಟೆಯಲ್ಲಿ ದೊರೆಯುತ್ತವೆಯೇ ಎಂದು ವಿಚಾರಿಸದೆ ಹಣ ಕೊಡುವುದು ಅವಿವೇಕ.

ಪೆಟ್ರೋಲಿಗೆ ಎರಡು ಎಸೆತದ ಇಂಜಿನ್ನಿನ ಎಣ್ಣೆಯನ್ನು ತಯಾರಕರು ಹೇಳಿದ ಪ್ರಮಾಣದಲ್ಲಿ ಬೆರೆಸಬೇಕು. ಬಹುಮಟ್ಟಿಗೆ ಇದು 50 ಭಾಗಕ್ಕೆ 1 ಭಾಗ, ಎಂದರೆ ಐದು ಲೀಟರಿಗೆ 100 ಮಿಲಿಲೀಟರು. ಸರಪಳಿಗೆ ಬೇರೆಯ ಎಣ್ಣೆ ಉಂಟು. ಗಾಡಿಯಿಂದ ತೆಗೆದ ಹಳೆಯ ಕರಿ ಎಣ್ಣೆಯನ್ನು ಅದಕ್ಕೆ ತುಂಬುವ ರೂಢಿ ಕೆಟ್ಟದ್ದು, ಅದರಲ್ಲಿರುವ ಲೋಹದ ಪುಡಿಯು ಪಂಪನ್ನು ತಿನ್ನುತ್ತದೆ. ಹರಿತ ಮಾಡುವ ದುಂಡನೆಯ ಅರವು ಸರಪಳಿಯ ಅಳತೆಗೆ ಸರಿಯಾಗಿರಬೇಕು: ಅಂಗುಲದ 0.325ರ ಸರಪಳಿಗೆ 4.8 ಮಿಲಿಮೀಟರಿನದು, ಎತ್ತರ ಕಡಮೆಯಾದ ಮೂರೆಂಟನೆ ಅಂಗುಲದ ಸರಪಳಿಗೆ 4 ಮಿಲಿಮೀಟರಿನದು. ಗರಗಸದಿಂದ ಚಕ್ಕೆಗಳು ಬರುವ ಬದಲು ನುಣ್ಣನೆಯ ಹುಡಿ ಬರತೊಡಗಿದರೆ ಹಲ್ಲು ಮೊಂಡಾಯಿತೆಂದು ತಿಳಿಯಬೇಕು. ಮೊಂಡಾದ ಗರಗಸವನ್ನು ಒತ್ತಿ ಒತ್ತಿ ಕೊಯ್ಯುವವನೇ ಹೆಚ್ಚಾಗಿ ಗಾಯಗೊಳ್ಳುತ್ತಾನೆ.

ಗರಗಸದ ಬೆಲೆಯೊಡನೆ ಉಡುಪಿನ ಬೆಲೆಯನ್ನೂ ಸೇರಿಸಿಯೇ ಲೆಕ್ಕ ಹಾಕತಕ್ಕದ್ದು. ಮುಖಕ್ಕೆ ಜಾಲರಿಯೂ ಕಿವಿಗೆ ಮುಚ್ಚಳವೂ ಇರುವ ಶಿರಸ್ತ್ರಾಣ, ಕಾಲಿನ ಮುಂಭಾಗವನ್ನು ಮುಚ್ಚುವ ಗರಗಸದ ಕಾಲ್ಗಾಪು, ಗಟ್ಟಿ ಬೂಟು ಇವು ಬೇಕೇ ಬೇಕು. ಕಾಲ್ಗಾಪಿನೊಳಗಿನ ಉದ್ದನೆಯ ನೂಲುಗಳು ಸರಪಳಿಗೆ ಸಿಕ್ಕಿ, ಚಕ್ರಕ್ಕೆ ಸುತ್ತಿಕೊಂಡು ಅದನ್ನು ನಿಲ್ಲಿಸುತ್ತವೆ. ದಪ್ಪನೆಯ ಗೋಣಿಬಟ್ಟೆಯಾಗಲಿ ಜೀನ್ ಷರಾಯಿಯಾಗಲಿ ಈ ಕೆಲಸವನ್ನು ಮಾಡಲಾರವು.

ಇನ್ನು ಮರವೇರುವ ವಿಷಯ. ಮೊದಲು ಏಣಿಯನ್ನು ಕುರಿತು ಹೇಳಬೇಕು. ಹಿಂದಿನವರು ಕವಲುಗಣ್ಣುಗಳನ್ನು ಮೆಟ್ಟಿಲಾಗಿ ಬಿಟ್ಟ ಒಂಟಿ ಬಿದಿರನ್ನು ಮರಕ್ಕೆ ಒರಗಿಸಿ ಕಟ್ಟಿ ಏರುತ್ತಿದ್ದರು. ಈಗ ಹಗುರವೆಂಬ ಕಾರಣದಿಂದ ಅಲ್ಯುಮಿನಿಯಂ ಏಣಿಯು ಎಲ್ಲೆಲ್ಲೂ ಹರಡಿದೆ. ತೋಟದ ನಡುವೆ ಹಾದುಹೋಗುವ ವಿದ್ಯುತ್ ತಂತಿಗೆ ಈ ಏಣಿಯು ತಗಲಿ ಮರಗಸಿಯಲ್ಲಿಯೂ ಮೆಣಸಿನ ಕೊಯ್ಲಿನಲ್ಲಿಯೂ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ ಅನೇಕರು ಪ್ರಾಣ ಕಳೆದುಕೊಂಡಿದ್ದಾರೆ. ಎಲೆಗಳ ಮರೆಯಲ್ಲಿ ತಂತಿ ಕಾಣುವುದಿಲ್ಲ, ಏಣಿಯನ್ನು ಎತ್ತಿ ನಿಲ್ಲಿಸಿಕೊಂಡೇ ಮರದಿಂದ ಮರಕ್ಕೆ ಒಯ್ಯುವಾಗ ಅದು ವಾಲುತ್ತದೆ, ಅಷ್ಟೇ ಸಾಕು. ತಂತಿಯಿರುವ ತೋಟಕ್ಕೆ ಒಣಗಿದ ಬಿದಿರಿನ ಅಥವಾ ಫೈಬರಿನ ಏಣಿಯನ್ನು ತರುವುದು ಮೇಲು. ಒದ್ದೆಯಾದ ಬಿದಿರೂ ಹಸಿ ಕೊಂಬೆಯೂ ವಿದ್ಯುತ್ತನ್ನು ಹರಿಯಿಸುತ್ತವೆಯಾದ್ದರಿಂದ ಅದೊಂದನ್ನೇ ನಂಬದೆ, ತಂತಿಯ ಸಮೀಪದ ಮರಗಳ ಪಟ್ಟಿಯನ್ನು ಮುಂಚಿತವಾಗಿ ಬರೆದು, ಕೊಡಗು ಹಾಸನದವರು ಚೆಸ್ಕಾಂ ಕಚೇರಿಗೂ ಚಿಕ್ಕಮಗಳೂರು ಶಿವಮೊಗ್ಗದವರು ಮೆಸ್ಕಾಂ ಕಚೇರಿಗೂ ಅರ್ಜಿ ಕೊಟ್ಟು, ಪ್ರವಾಹವನ್ನು ನಿಲ್ಲಿಸಿದರೆಂದು ಖಚಿತವಾದ ಮೇಲೆಯೇ ಆ ಮರಗಳನ್ನು ಮುಟ್ಟತಕ್ಕದ್ದು. ಒಬ್ಬೊಬ್ಬ ರೈತನು ಬೇರೆ ಬೇರೆ ಕೇಳುವುದಕ್ಕಿಂತ, ಗ್ರಾಮದ ಮುಖಂಡರು ಒಂದು ತಂತಿಯ ಸಾಲಿನಲ್ಲಿರುವ ತೋಟದವರನ್ನೆಲ್ಲಾ ಕೂಡಿಸಿ ಒಂದೇ ದಿನವನ್ನು ಗೊತ್ತುಮಾಡಿಸಿದರೆ ಕೆಲಸವು ಸುಗಮವಾಗುವುದು.

ಏಣಿಯು ಏರುವುದಕ್ಕೆ ಮಾತ್ರ. ಮೇಲೆ ನಿಂತು ಕೊಯ್ಯುವವನನ್ನು ಹಿಡಿದಿರಬೇಕಾದದ್ದು ಪಟ್ಟಿ ಮತ್ತು ಹಗ್ಗ. ಕಟ್ಟಡದ ಕೆಲಸಕ್ಕೆ ಮಾರುವ, ಬೆನ್ನ ಮೇಲೆ ಮಾತ್ರ ಬಳೆಯಿರುವ ಮೈಪಟ್ಟಿಯನ್ನು ಅನೇಕರು ತಂದುಕೊಳ್ಳುತ್ತಾರೆ. ಅದು ಬಿದ್ದವನನ್ನು ತಡೆಯುತ್ತದೆಯೇ ಹೊರತು ಕೆಲಸ ಮಾಡುವವನಿಗೆ ಆಸರೆಯಾಗುವುದಿಲ್ಲ. ಆದ್ದರಿಂದ ಕೆಲಸಗಾರನು ಬೇಸತ್ತು ಅದನ್ನು ಕೊಕ್ಕೆಗೆ ಸಿಕ್ಕಿಸುವುದನ್ನೇ ಬಿಡುತ್ತಾನೆ. ಸೊಂಟದ ಎರಡು ಪಕ್ಕಗಳಲ್ಲಿ ಬಳೆಗಳೂ, ಮುಂದೆ ಒಂದು ಕಟ್ಟುವ ಜಾಗವೂ, ತೊಡೆಗಳಿಗೆ ಅಗಲವಾದ ಪಟ್ಟಿಗಳೂ ಇರುವ ಪೂರ್ಣ ಮೈಪಟ್ಟಿಯನ್ನೇ ಆರಿಸಬೇಕು. ಅದರ ಮೇಲೆ ಐ.ಎಸ್. 3521 ಎಂಬ ಭಾರತೀಯ ಮಾನಕದ ಗುರುತಿದೆಯೇ ಎಂದು ನೋಡತಕ್ಕದ್ದು. ಬರಿಯ ಸೊಂಟದ ಪಟ್ಟಿ ಬೇಡ. ಬಿದ್ದಾಗ ಅದು ಪಕ್ಕೆಲುಬನ್ನೂ ಬೆನ್ನನ್ನೂ ಮುರಿಯುತ್ತದೆ, ಇಲ್ಲವೇ ಮನುಷ್ಯನು ತಲೆಕೆಳಗಾಗಿ ಅದರಿಂದ ಜಾರುತ್ತಾನೆ.

ಹಗ್ಗವು ತೆಂಗಿನ ನಾರಿನದಾಗಲಿ, ಹೊರೆ ಕಟ್ಟುವ ಪ್ಲಾಸ್ಟಿಕ್ಕಿನದಾಗಲಿ ಆಗಿರಬಾರದು. ಒಳಗೆ ತಿರುಳೂ ಹೊರಗೆ ಹೆಣೆದ ಕವಚವೂ ಇರುವ, 11ರಿಂದ 13 ಮಿಲಿಮೀಟರು ದಪ್ಪದ, ಹೆಚ್ಚು ಹಿಗ್ಗದ ಏರುಹಗ್ಗವನ್ನೇ ಕೊಳ್ಳಬೇಕು. ಹಗ್ಗವನ್ನು ಕವಲಿನ ಮೇಲೆ ಹಾಯಿಸಿ ಎರಡೆಳೆಯಾಗಿ ಇಳಿಯಬಿಡುವ ಕ್ರಮದಲ್ಲಿ, ಕವಲು 60 ಅಡಿ ಮೇಲಿದ್ದರೆ ಹಗ್ಗವು 120 ಅಡಿಗೆ ಮೀರಿರಬೇಕು. ತುದಿಯಲ್ಲಿ ದಪ್ಪನೆಯ ಗಂಟು ಹಾಕಿರಬೇಕು. ಕೊಂಡಿಗಳು ತಾವೇ ಬೀಗ ಬೀಳುವಂಥವಾಗಿದ್ದು, ಅವುಗಳ ಮೇಲೆ 22 ಕಿಲೋನ್ಯೂಟನ್ ಅಥವಾ ಹೆಚ್ಚಿನ ಅಂಕ ಕೆತ್ತಿರಲಿ. ಇದು ಸುಮಾರು 2,200 ಕಿಲೋಗ್ರಾಂ ತೂಕದ ಎಳೆತಕ್ಕೆ ಸಮ. ಇವಲ್ಲದೆ ಕಾಂಡವನ್ನು ಬಳಸಿ ಸೊಂಟದ ಎರಡು ಬಳೆಗಳಿಗೂ ಸಿಕ್ಕಿಸುವ, ಉದ್ದವನ್ನು ಹೆಚ್ಚುಕಡಮೆ ಮಾಡಬಹುದಾದ ಗಿಡ್ಡ ಹಗ್ಗವೊಂದು ಬೇಕು. ಕೊಯ್ಯುವ ಕಾಲದಲ್ಲಿ ಕೆಲಸಗಾರನು ಏರುಹಗ್ಗಕ್ಕೂ ಈ ಗಿಡ್ಡ ಹಗ್ಗಕ್ಕೂ ಒಟ್ಟಿಗೆ ಕಟ್ಟಿಕೊಂಡಿರತಕ್ಕದ್ದು. ಬಿಗಿದ ಹಗ್ಗವು ಕತ್ತಿಯ ಅಥವಾ ಗರಗಸದ ಹಲ್ಲಿನ ಸೋಂಕು ಮಾತ್ರದಿಂದಲೇ ಹರಿದುಹೋಗುವುದು. ಆಗ ಎರಡನೆಯದು ಉಳಿಸುತ್ತದೆ. ಉಕ್ಕಿನ ತಂತಿಯ ತಿರುಳಿರುವ ಗಿಡ್ಡ ಹಗ್ಗವು ಕೊಯ್ತಕ್ಕೆ ಹೆಚ್ಚು ತಡೆಯುತ್ತದೆಯಾದರೂ ವಿದ್ಯುತ್ ತಂತಿಯ ಬಳಿ ಅದನ್ನು ಉಪಯೋಗಿಸಬಾರದು. ಮರದಲ್ಲಿ ಚಗಳಿ ಮುತ್ತಿದಾಗ ಎಂಥಾ ಧೈರ್ಯಶಾಲಿಯೂ ಕೈಬಿಡುತ್ತಾನೆಂಬುದು ಮಲೆನಾಡಿನವರಿಗೆ ಹೇಳಬೇಕಾದ ಮಾತಲ್ಲ; ಎರಡು ಕಡೆ ಕಟ್ಟಿಕೊಂಡವನು ಕೈಬಿಟ್ಟರೂ ಬೀಳನು.

ಕಾಲಿಗೆ ಕಟ್ಟುವ ಕಬ್ಬಿಣದ ಮುಳ್ಳುಗಳನ್ನು ಕಡಿದುಹಾಕತಕ್ಕ ಮರಕ್ಕೆ ಮಾತ್ರ ಉಪಯೋಗಿಸಬಹುದು. ಉಳಿಸಿಕೊಳ್ಳುವ ನೆರಳುಮರದ ತೊಗಟೆಗೆ ಅವು ಗಾಯಮಾಡುತ್ತವೆ. ಮೆಣಸಿನ ಬಳ್ಳಿ ಹಬ್ಬಿದ್ದರೆ ನಷ್ಟವು ಇಮ್ಮಡಿ. ಕೇರಳದ ಚೆಂಬೇರಿಯ ಹೆಸರಿನಿಂದ ಪ್ರಸಿದ್ಧವಾದ ತೆಂಗಿನ ಮರವೇರುವ ಯಂತ್ರವು ಕವಲಿಲ್ಲದ ತೆಂಗಿಗೆ ಒಳ್ಳೆಯದು, ಇಲ್ಲಿ ಕೆಲಸಕ್ಕೆ ಬಾರದು. ಆಸರೆಯ ಕವಲನ್ನು ಆರಿಸುವಾಗ ಮರದ ಜಾತಿಯನ್ನೂ ನೋಡಬೇಕು. ಸಿಲ್ವರ್ ಮರದ ಕೊಂಬೆಗಳು ಪೆಡಸು, ಸೂಚನೆಯಿಲ್ಲದೆ ಮುರಿಯುತ್ತವೆ. ಹಾಲುವಾಣದ ಮರವು ಮೆದು. ಆದ್ದರಿಂದ ಇವೆರಡರಲ್ಲಿಯೂ ಹಗ್ಗವು ಪಕ್ಕದ ಕೊಂಬೆಗೆ ಜೋತುಬೀಳದೆ ನಡುಕಾಂಡವನ್ನೇ ಬಳಸಿರಬೇಕು.

ಮರದಡಿಯಲ್ಲಿ ಸದಾ ಒಬ್ಬನಿರಬೇಕು; ಅವನಿಗೂ ಮೈಪಟ್ಟಿ, ಹಗ್ಗ, ಏರುವ ಅಭ್ಯಾಸ ಇವು ಬೇಕು. ಪ್ರಜ್ಞೆ ತಪ್ಪಿ ಪಟ್ಟಿಯಲ್ಲಿ ಅಲುಗಾಡದೆ ನೇತಾಡುವವನ ಕಾಲುಗಳಲ್ಲಿ ರಕ್ತವು ತಂಗಿ ಕೆಲವೇ ನಿಮಿಷಗಳಲ್ಲಿ ಪ್ರಾಣಾಪಾಯವಾಗುತ್ತದೆ. ಪೇಟೆಯಿಂದ ಜನರು ಬರುವವರೆಗೆ ಕಾಯುವಂತಿಲ್ಲ. ಆದಕಾರಣ ಸಲಕರಣೆಯನ್ನು ಒಂದು ಜೊತೆ ಕೊಳ್ಳುವುದು ಕೊಳ್ಳದಿರುವುದಕ್ಕೆ ಸಮ; ಎರಡು ಜೊತೆ ಬೇಕು. ಗಾಯಕ್ಕೆ ಒತ್ತಿ ಕಟ್ಟುವ ದೊಡ್ಡ ಬಟ್ಟೆಯ ಕಟ್ಟು ಮರದ ಬುಡದಲ್ಲಿಯೇ ಇರಲಿ. 108ಕ್ಕೆ ಫೋನು ಮಾಡಲು ತೋಟದ ಯಾವ ಮೂಲೆಯಲ್ಲಿ ಸಂಪರ್ಕ ಸಿಕ್ಕುತ್ತದೆಂಬುದನ್ನು ಕೆಲಸಕ್ಕೆ ಮುಂಚೆಯೇ ನೋಡಿಕೊಂಡಿರಬೇಕು. ಖರ್ಚು ಹೆಚ್ಚೆಂದು ತೋರಿದರೆ ನೆರೆಯ ನಾಲ್ಕಾರು ತೋಟದವರು ಕೂಡಿ ಎರಡು ಜೊತೆ ಏರುವ ಸಲಕರಣೆಗಳನ್ನೂ ಒಂದು ಯಂತ್ರಗರಗಸವನ್ನೂ ಇಟ್ಟುಕೊಳ್ಳಬಹುದು. ವರ್ಷಕ್ಕೆ ಕೆಲವು ವಾರಗಳ ಕೆಲಸಕ್ಕೆ ಇದೇ ಯೋಗ್ಯವಾದ ಏರ್ಪಾಡು. ಇನ್ನು ಮರವನ್ನು ಬುಡಸಹಿತ ಕಡಿಯುವುದಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ಅನುಮತಿ ಬೇಕೇ ಎಂಬುದನ್ನು ವಲಯ ಅರಣ್ಯ ಕಚೇರಿಯಲ್ಲಿ ಮೊದಲೇ ವಿಚಾರಿಸತಕ್ಕದ್ದು.

ಕೆಲಸ ಮುಗಿದ ಮೇಲೆ ಗರಗಸದ ಟಾಂಕಿಯಲ್ಲಿ ಉಳಿದ ಪೆಟ್ರೋಲನ್ನು ತೆಗೆದು, ಇಂಜಿನ್ನು ತಾನಾಗಿ ನಿಲ್ಲುವವರೆಗೆ ಓಡಿಸಿಡಬೇಕು. ಇಲ್ಲವಾದರೆ ಮುಂದಿನ ವರ್ಷ ಕಾರ್ಬ್ಯುರೇಟರು ಅಂಟು ಹಿಡಿದಿರುತ್ತದೆ. ಹಗ್ಗವನ್ನೂ ಪಟ್ಟಿಯನ್ನೂ ತಣ್ಣೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸತಕ್ಕದ್ದು, ಬಿಸಿಲಿಗೆ ಹಾಕಬಾರದು. ಪೆಟ್ರೋಲು, ಬ್ಯಾಟರಿಯ ಆಮ್ಲ, ಗೊಬ್ಬರ ಇವುಗಳ ಜೊತೆಯಲ್ಲಿ ಒಂದೇ ಕೋಣೆಯಲ್ಲಿಡಬಾರದು. ಕೊಂಡ ತಾರೀಖನ್ನು ಪಟ್ಟಿಯ ಚೀಟಿಯ ಮೇಲೆ ಬರೆದಿಟ್ಟು, ತಯಾರಕರು ಹೇಳಿದ ಅವಧಿ ಕಳೆದೊಡನೆ, ಅಥವಾ ಒಮ್ಮೆ ಜೋರಾದ ಬೀಳುವಿಕೆಯನ್ನು ತಡೆದೊಡನೆ, ಕಣ್ಣಿಗೆ ಹೊಸದಾಗಿಯೇ ಕಂಡರೂ ತುಂಡು ಮಾಡಿ ಎಸೆಯಬೇಕು. ಇಡಿಯಾಗಿ ಬಿಟ್ಟರೆ ಯಾರಾದರೊಬ್ಬರು ಅದನ್ನು ಪುನಃ ಕಟ್ಟಿಕೊಂಡು ಏರುತ್ತಾರೆ. ಮಳೆಗಾಲದಲ್ಲಿ ಇವುಗಳನ್ನು ಅಟ್ಟದ ಮೇಲೆ ಎಸೆಯದೆ, ಇಲಿ ನುಗ್ಗದ, ಗಾಳಿಯಾಡುವ ಪೆಟ್ಟಿಗೆಯಲ್ಲಿ ಸಡಿಲವಾಗಿ ಸುತ್ತಿಟ್ಟು, ತಿಂಗಳಿಗೊಮ್ಮೆ ತೆಗೆದು ಬೂಷ್ಟು ಹಿಡಿದಿದೆಯೇ ಎಂದು ನೋಡತಕ್ಕದ್ದು.