ಅಂಕ ಒಂದೇ, ಆಯುಸ್ಸು ಬೇರೆ

ತಲಾ ಆದಾಯವೊಂದನ್ನೇ ನೋಡಿ ದೇಶದ ಬದುಕನ್ನು ಅಳೆಯುವುದೆಂದರೆ ಅಡಿಕೆ ಮಾರಿದ ಚೀಟಿ ನೋಡಿ ಮನೆಯವರ ಸುಖ ಹೇಳಿದ ಹಾಗೆ. ಅದಕ್ಕೇ 1990ರಲ್ಲಿ ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ ಮುಂದಾಳುತನದಲ್ಲಿ ವಿಶ್ವಸಂಸ್ಥೆ ಬೇರೊಂದು ಅಳತೆಗೋಲು ತಂದಿತು: ಮಾನವ ಅಭಿವೃದ್ಧಿ ಸೂಚ್ಯಂಕ. ಆಯುಸ್ಸು, ಶಿಕ್ಷಣ, ಆದಾಯ ಮೂರಕ್ಕೂ ಸೇರಿ ಒಂದು ಅಂಕ. 2010ರಿಂದ ಮೂರನ್ನೂ ಕೂಡಿಸುವ ಬದಲು ಗುಣಿಸಿ ಘನಮೂಲ ತೆಗೆಯುತ್ತಾರೆ. ಲೆಕ್ಕ ಹಾಗಿರಲಿ, ತಾತ್ಪರ್ಯ ನಮಗೆ ಗೊತ್ತಿದ್ದದ್ದೇ. ಪೊಟ್ಯಾಶ್ ಕೊರತೆ ಇದ್ದಲ್ಲಿ ಯೂರಿಯಾ ಸುರಿದರೆ ಸರಿಹೋದೀತೇ?

2025ರ ವರದಿಯಲ್ಲಿ, 2023ರ ಅಂಕಿಅಂಶದಂತೆ, ಭಾರತಕ್ಕೂ ಬಾಂಗ್ಲಾದೇಶಕ್ಕೂ 0.685 ಅಂಕ, ಇಬ್ಬರದ್ದೂ 130ನೇ ಸ್ಥಾನ. ಒಳಗೆ ಕೆದಕಿ ನೋಡಿದೆ. ಆದಾಯ ನಮ್ಮದು ಹೆಚ್ಚು. ಶಾಲೆಯ ವರ್ಷಗಳಲ್ಲೂ ನಾವು ತುಸು ಮುಂದೆ. ನಿರೀಕ್ಷಿತ ಆಯುಸ್ಸು ಮಾತ್ರ ನಮ್ಮದು 72 ವರ್ಷ, ಅವರದ್ದು 74.7.

ಕಡಿಮೆ ದುಡ್ಡಿನಲ್ಲಿ ಇದು ಹೇಗಾಯಿತು? ಕಾರಣ ಹಲವು. ನನಗೆ ಹಿಡಿಸಿದ್ದು ಒಂದು. ಭೇದಿಯಲ್ಲಿ ಮಕ್ಕಳು ಸಾಯುವುದು ಮೈಯ ನೀರು, ಉಪ್ಪು ಬರಿದಾಗಿ. 1980ರಿಂದ 1990ರ ತನಕ ಅಲ್ಲಿನ ಬ್ರಾಕ್ ಸಂಸ್ಥೆಯ ಹೆಂಗಸರು ಒಂದು ಕೋಟಿಗೂ ಮಿಕ್ಕಿ ಮನೆಗಳಿಗೆ ನಡೆದು ತಾಯಂದಿರಿಗೆ ಕಲಿಸಿದರು: ಮೂರು ಬೆರಳ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಈಗ ಪೊಟ್ಟಣದಲ್ಲಿ ಸಿಗುವ ಓಆರ್‌ಎಸ್‌ನ ಮನೆಮದ್ದಿನ ರೂಪ. ಆಮೇಲೆ ಬೇರೆಯವರು ಹೋಗಿ ತಾಯಿಯನ್ನು ಪರೀಕ್ಷಿಸುತ್ತಿದ್ದರು. ಅವಳಿಗೆ ಎಷ್ಟು ನೆನಪುಂಟೋ ಅದರ ಮೇಲೆ ಕಲಿಸಿದವಳ ಸಂಬಳ!

ನಮ್ಮಲ್ಲಿ ರೈತರಿಗೆ ತರಬೇತಿ ಕೊಡುವವರಿಗೂ ಈ ಪದ್ಧತಿ ತಂದರೆ ಹೇಗೆ?